ನೋಡದ ಮಗುವಿನ ಯೋಜನೆಗೆ ಸಹಿ ಹಾಕಬಹುದೇ?

ಪ್ರಶ್ನೆ: ನನಗೆ 31 ವರ್ಷ. ಬಿ.ಎ., ಬಿ.ಎಡ್. ಮಾಡಿ ಸುರತ್ಕಲ್ ಕಡೆಯ ಒಂದು ಆಂಗ್ಲ ಮಾಧ್ಯಮ ಶಾಲೆಯಲ್ಲಿ ಇಂಗ್ಲಿಷ್ ಟೀಚರ್ ಆಗಿದ್ದೇನೆ. ಎರಡು ವರ್ಷದಿಂದ ರಿಸೋರ್ಸ್ ರೂಮಿನ, ಅಂದರೆ ವಿಶೇಷ ಸಹಾಯ ಬೇಕಾದ ಮಕ್ಕಳಿಗೆ ಕಲಿಸುವ ಕೋಣೆಯ ಹೊಣೆಯೂ ನನ್ನ ಪಾಲಿಗೆ ಬಂದಿದೆ. ಕಲಿಕೆಯಲ್ಲಿ ತೊಂದರೆ ಇರುವ ಮಕ್ಕಳಿಗೆ, ಆಟಿಸಂ ಇರುವ ಮಕ್ಕಳಿಗೆ ಐಇಪಿ, ಅಂದರೆ ವೈಯಕ್ತಿಕ ಶಿಕ್ಷಣ ಯೋಜನೆ ಬರೆಯುವುದು ನನಗೆ ತುಂಬಾ ಹಿಡಿಸಿದೆ. ಇದನ್ನೇ ವೃತ್ತಿ ಮಾಡಿಕೊಳ್ಳುವ ಆಸೆ. ಆದರೆ ಈಗ ತಪಾಸಣೆ ಬರುತ್ತದೆಂದು, ಎರಡು ವಾರದೊಳಗೆ 22 ಮಕ್ಕಳ ಐಇಪಿ ತಯಾರಿಸಿ ‘ಸ್ಪೆಷಲ್ ಎಜುಕೇಟರ್’ ಎಂದು ಸಹಿ ಹಾಕಲು ಹೇಳಿದ್ದಾರೆ. ಅವರಲ್ಲಿ ಎಂಟು ಮಕ್ಕಳನ್ನು ನಾನು ಸರಿಯಾಗಿ ನೋಡಿಯೂ ಇಲ್ಲ. ಗಂಡ ಗಲ್ಫ್‌ನಲ್ಲಿದ್ದಾರೆ, ಮಗನಿಗೆ ಐದು ವರ್ಷ. ‘ಇರುವ ಕೆಲಸ ಬಿಟ್ಟು ಈ ವಯಸ್ಸಿನಲ್ಲಿ ಮತ್ತೆ ಎರಡು ವರ್ಷ ಓದುವುದಾ? ಅದೂ ಫಾರಂ ತುಂಬಿಸುವ ಕೆಲಸಕ್ಕೆ?’ ಎನ್ನುತ್ತಾರೆ ಅತ್ತೆ. ಏನು ಮಾಡಲಿ?
– ಹೆಸರು ಬೇಡ, ಮಂಗಳೂರು

ಉತ್ತರ: ಸಹಿಗೆ ಗಡುವು ಇರುವುದರಿಂದ ಅದನ್ನೇ ಮೊದಲು ನೋಡೋಣ. ‘ಸ್ಪೆಷಲ್ ಎಜುಕೇಟರ್’ ಎಂದು ಸಹಿ ಹಾಕಬೇಡಿ. 1992ರ ಭಾರತೀಯ ಪುನರ್ವಸತಿ ಪರಿಷತ್ ಕಾಯ್ದೆಯಂತೆ ವಿಶೇಷ ಶಿಕ್ಷಕರೂ ಪುನರ್ವಸತಿ ವೃತ್ತಿಪರರೇ. ಪರಿಷತ್ತಿನ, ಅಂದರೆ ಆರ್‌ಸಿಐನ ಕೇಂದ್ರ ರಿಜಿಸ್ಟರಿನಲ್ಲಿ ಹೆಸರಿಲ್ಲದೆ ಆ ವೃತ್ತಿ ನಡೆಸಿದರೆ ಒಂದು ವರ್ಷದ ತನಕ ಸೆರೆ, ಸಾವಿರ ರೂಪಾಯಿ ತನಕ ದಂಡ ಅಥವಾ ಎರಡಕ್ಕೂ ಅವಕಾಶವಿದೆ. ಅದಕ್ಕಿಂತ ಹೆಚ್ಚಿನ ಚಿಂತೆ ಮಗುವಿನದು. ಮುಂದೊಂದು ದಿನ ತಂದೆತಾಯಿ ಆ ಕಾಗದ ಹಿಡಿದು ಪರೀಕ್ಷೆಯ ರಿಯಾಯಿತಿಗೋ ಬೇರೆ ಶಾಲೆಯ ಪ್ರವೇಶಕ್ಕೋ ಹೋದಾಗ, ಸಹಿ ಮಾಡಿದವರ ನೋಂದಣಿ ಸಂಖ್ಯೆ ಕೇಳಿದರೆ ಪೆಟ್ಟು ಬೀಳುವುದು ಮಗುವಿಗೆ. ನಿಮಗೆ ಗೊತ್ತಿರುವ ಮಕ್ಕಳ ಯೋಜನೆಯ ಕೆಳಗೆ ‘ತಯಾರಿಸಿದವರು: ಇಂಗ್ಲಿಷ್ ಶಿಕ್ಷಕಿ, ರಿಸೋರ್ಸ್ ರೂಮ್ ಉಸ್ತುವಾರಿ’ ಎಂದು ಬರೆದು ಸಹಿ ಮಾಡಿ. ನೋಡದ ಎಂಟು ಮಕ್ಕಳ ಕಾಗದಕ್ಕೆ ಯಾವ ಹೆಸರಿನಲ್ಲೂ ಸಹಿ ಬೇಡ.

ಇದನ್ನು ಮುಖ್ಯೋಪಾಧ್ಯಾಯಿನಿಗೆ ಹೇಳುವಾಗ ಜಗಳಕ್ಕೆ ನಿಲ್ಲಬೇಡಿ, ಲೆಕ್ಕ ತೋರಿಸಿ. ಒಂದು ಮಗುವಿನ ಕಡತ ಓದಬೇಕು, ತರಗತಿಯಲ್ಲಿ ಕೂತು ನೋಡಬೇಕು, ಮನೆಯವರ ಜೊತೆ ಮಾತಾಡಬೇಕು, ಈಗಿನ ಮಟ್ಟ ಅಳೆಯಬೇಕು, ಬರೆಯಬೇಕು, ಸಭೆ ಕರೆಯಬೇಕು. ಕಡಿಮೆ ಎಂದರೂ ಏಳು ಗಂಟೆ ಹಿಡಿಯುತ್ತದೆ. 22 ಮಕ್ಕಳಿಗೆ 154 ಗಂಟೆ. ಎರಡು ವಾರದಲ್ಲಿ ಸಿಗುವ 12 ಕೆಲಸದ ದಿನಗಳಿಗೆ ಹಂಚಿದರೆ ದಿನಕ್ಕೆ ಹದಿಮೂರು ಗಂಟೆ, ಅದೂ ನಿಮ್ಮ ಇಂಗ್ಲಿಷ್ ಪಿರಿಯಡುಗಳನ್ನು ಬಿಟ್ಟು. ಆಗ ಆಗುವುದೇನೆಂದು ಎಲ್ಲ ಶಾಲೆಗಳಿಗೂ ಗೊತ್ತು: ಒಂದನ್ನು ಬರೆದು ಉಳಿದದ್ದಕ್ಕೆ ಹೆಸರು ಬದಲಿಸುವುದು. ಮೂರನೇ ಪುಟದಲ್ಲಿ ಹುಡುಗಿಯ ಹೆಸರಿನ ಮುಂದೆ ‘ಅವನು’ ಎಂದು ಉಳಿದುಬಿಡುತ್ತದೆ. ತಪಾಸಣೆಗೆ ಬಂದವರ ಕಣ್ಣಿಗೆ ಮೊದಲು ಬೀಳುವುದೂ ಅದೇ. ಬದಲಿಗೆ ಹೀಗೆ ಕೇಳಿ: ತೀರಾ ಅಗತ್ಯವಿರುವ ಐದು ಮಕ್ಕಳಿಗೆ ಪೂರ್ತಿ ಯೋಜನೆ; ಉಳಿದವರಿಗೆ ಒಂದೊಂದು ಪುಟದ ಟಿಪ್ಪಣಿ, ಅದರಲ್ಲಿ ಈತನಕ ಗೊತ್ತಿರುವುದು, ಈಗ ಕೊಡುತ್ತಿರುವ ಸಹಾಯ, ಪೂರ್ತಿ ಯೋಜನೆ ಸಿದ್ಧವಾಗುವ ತಿಂಗಳು. ಎಂಟು ಮಕ್ಕಳ ಟಿಪ್ಪಣಿಯನ್ನು ಅವರ ಕ್ಲಾಸ್ ಟೀಚರೇ ಬರೆಯಲಿ. ಈ ಕೋರಿಕೆಯನ್ನು ಬರಹದಲ್ಲಿ ಕೊಟ್ಟು, ಒಂದು ಪ್ರತಿ ಇಟ್ಟುಕೊಳ್ಳಿ.

ಇನ್ನು ‘ಫಾರಂ ತುಂಬಿಸುವ ಕೆಲಸ’ ಎಂಬ ಮಾತು. ಅತ್ತೆಯವರು ನೋಡಿರುವುದು ಕಾಗದದ ರಾಶಿಯನ್ನಾದ್ದರಿಂದ ಅವರನ್ನು ದೂರುವಂತಿಲ್ಲ. ಕೆಟ್ಟ ಯೋಜನೆ ನಿಜಕ್ಕೂ ಫಾರಂ ಅಷ್ಟೇ. ‘ಓದುವ ಕೌಶಲವನ್ನು ಉತ್ತಮಪಡಿಸುವುದು’, ‘ಏಕಾಗ್ರತೆ ಹೆಚ್ಚಿಸುವುದು’ ಎಂದು ಬರೆದ ಗುರಿಯನ್ನು ಯಾವ ಟೀಚರೂ ಸೋಮವಾರ ಬೆಳಗಿನ ಪಿರಿಯಡಿನಲ್ಲಿ ಕೈಗೆತ್ತಿಕೊಳ್ಳಲಾರರು, ಮಾರ್ಚ್‌ನಲ್ಲಿ ಮುಟ್ಟಿತೋ ಇಲ್ಲವೋ ಎಂದು ಹೇಳಲೂ ಆರರು.

ಮೂರನೇ ಕ್ಲಾಸಿನ ಒಬ್ಬ ಹುಡುಗನನ್ನು ತೆಗೆದುಕೊಳ್ಳಿ. ಕಾಗುಣಿತ ಬರುತ್ತದೆ, ಒತ್ತಕ್ಷರ ಕಂಡ ಕೂಡಲೇ ನಿಲ್ಲುತ್ತಾನೆ. ಅಕ್ಕ, ಹಗ್ಗ, ಬೆಲ್ಲದಂಥ ಸಜಾತೀಯ ಒತ್ತಕ್ಷರದ 20 ಪದಗಳನ್ನು ಮೂರು ಬೇರೆ ಬೇರೆ ದಿನ ಓದಿಸಿ. 7, 10, 8 ಸರಿಯಾದರೆ ನಡುವಿನ 8 ಅವನ ಈಗಿನ ಮಟ್ಟ. ಒಂದೇ ದಿನದ ಅಂಕ ನಂಬಬೇಡಿ, ಆ ದಿನ ಅವನಿಗೆ ಶೀತ ಇದ್ದಿರಬಹುದು. ಗುರಿ ಹೀಗಿರಲಿ: ‘ಸಜಾತೀಯ ಒತ್ತಕ್ಷರ ಇರುವ 20 ಹೊಸ ಪದಗಳಲ್ಲಿ 16ನ್ನು ಯಾರ ಸಹಾಯವೂ ಇಲ್ಲದೆ, ಸತತ ಮೂರು ಪರೀಕ್ಷೆಗಳಲ್ಲಿ ಓದುತ್ತಾನೆ.’ ‘ಹೊಸ’ ಎಂಬುದು ಇರಲೇಬೇಕು, ಇಲ್ಲದಿದ್ದರೆ ಮಗು ಪಟ್ಟಿಯನ್ನೇ ಬಾಯಿಪಾಠ ಮಾಡುತ್ತದೆ. ಇದು ಬಂದ ಮೇಲೆ ಪುಸ್ತಕ, ಚಂದ್ರದಂಥ ವಿಜಾತೀಯ ಒತ್ತಕ್ಷರ. ಯಾರು, ಎಂದು, ಎಷ್ಟು ಹೊತ್ತು ಎಂಬುದೂ ಅದೇ ಸಾಲಿನಲ್ಲಿ ಬರಲಿ: ಕನ್ನಡ ಟೀಚರ್, ಸೋಮ-ಬುಧ-ಶುಕ್ರ, 15 ನಿಮಿಷ, ನಾಲ್ಕು ಮಕ್ಕಳ ಗುಂಪು. ಈಗಿನ ಮಟ್ಟದಿಂದ ಗುರಿಗೆ ಗ್ರಾಫ್ ಹಾಳೆಯಲ್ಲಿ ಗೆರೆ ಎಳೆದು ವಾರಕ್ಕೊಂದು ಚುಕ್ಕೆ ಇಡಿ. ಸತತ ನಾಲ್ಕು ಚುಕ್ಕೆ ಗೆರೆಯ ಕೆಳಗೆ ಬಿದ್ದರೆ ಕಲಿಸುವ ರೀತಿ ಬದಲಾಗಬೇಕು. ಮಗುವಿಗೆ ಬೈದು ಪ್ರಯೋಜನವಿಲ್ಲ. ವರ್ಷಕ್ಕೆ ಇಂಥ ಮೂರು ನಾಲ್ಕು ಗುರಿ ಸಾಕು. ಹನ್ನೆರಡು ಬರೆದರೆ ಒಂದೂ ನಡೆಯುವುದಿಲ್ಲ.

ನಮ್ಮ ಕರಾವಳಿಯಲ್ಲಿ ಎರಡು ವಿಷಯಕ್ಕೆ ವಿಶೇಷ ಎಚ್ಚರ ಬೇಕು. ಒಂದು ಭಾಷೆ. ಮನೆಯಲ್ಲಿ ತುಳುವೋ ಕೊಂಕಣಿಯೋ ಬ್ಯಾರಿಯೋ, ಬೀದಿಯಲ್ಲಿ ಕನ್ನಡ, ಶಾಲೆಯಲ್ಲಿ ಇಂಗ್ಲಿಷ್. ತುಳು ಮಾತಾಡುವ ಮಗು ಖ, ಘ, ಧ ಬರುವಲ್ಲಿ ಕ, ಗ, ದ ಬರೆದರೆ ಅದು ಬಾಯಿಯ ರೂಢಿ, ಕಲಿಕಾ ನ್ಯೂನತೆಯ ಲಕ್ಷಣವಲ್ಲ. ಮನೆಯ ಭಾಷೆಯಲ್ಲಿ ಕಥೆ ಹೇಳಲು, ಪ್ರಾಸದ ಪದ ಹುಡುಕಲು ಆಗುತ್ತದೆಯೇ ಎಂದು ಮೊದಲು ನೋಡಬೇಕು. ಅಲ್ಲೂ ಎಡವಿದರೆ ಮಾತ್ರ ಅನುಮಾನಕ್ಕೆ ಬಲ. ಅದಕ್ಕೂ ಮೊದಲು ಕಣ್ಣು, ಕಿವಿ ಪರೀಕ್ಷೆ ಆಗಿರಲೇಬೇಕು. ಕಿವಿಗೆ ಕಂಕನಾಡಿಯ ಫಾದರ್ ಮುಲ್ಲರ್, ಮಣಿಪಾಲ ಎರಡೂ ಕಡೆ ವಾಕ್-ಶ್ರವಣ ವಿಭಾಗಗಳಿವೆ.

ಇನ್ನೊಂದು ಮಳೆ. ಜೂನ್‌ನಿಂದ ಆಗಸ್ಟ್‌ ತನಕ ಶೀಟ್ ಮಾಡಿನ ತರಗತಿಯಲ್ಲಿ ಶ್ರವಣ ಸಾಧನ ಹಾಕಿದ ಮಗುವಿಗೆ ಪಾಠಕ್ಕಿಂತ ಮಳೆಯ ಸದ್ದೇ ದೊಡ್ಡದಾಗಿ ಕೇಳುತ್ತದೆ, ಆಟಿಸಂ ಇರುವ ಮಗು ಕಿವಿ ಮುಚ್ಚಿ ಕೂರುತ್ತದೆ. ಆ ತಿಂಗಳುಗಳಿಗೆ ತಾರಸಿ ಮಾಡಿನ ಕೋಣೆ, ಮುಂದಿನ ಬೆಂಚು, ಬರೆದು ತೋರಿಸುವ ಸೂಚನೆ ಎಂದು ಯೋಜನೆಯಲ್ಲೇ ನಮೂದಿಸಿ. ಶ್ರವಣ ಸಾಧನವನ್ನು ರಾತ್ರಿ ಸಿಲಿಕಾ ಜೆಲ್ ಇರುವ ಡಬ್ಬಿಯಲ್ಲಿಡಲು ಮನೆಯವರಿಗೆ ಹೇಳಿ. ತೇವಕ್ಕೆ ಅದು ಕೆಟ್ಟು ಕೂತರೆ ವಾರಗಟ್ಟಲೆ ಕಲಿಕೆ ನಿಲ್ಲುತ್ತದೆ. ಜಿಲ್ಲಾಧಿಕಾರಿ ರಜೆ ಕೊಟ್ಟಾಗಲೆಲ್ಲ ದಿನ ಹೋಗುವುದರಿಂದ ಗಡುವನ್ನು ‘ಎಂಟು ವಾರ’ ಎನ್ನದೆ ‘24 ಪಾಠ’ ಎಂದು ಬರೆಯುವುದು ಒಳ್ಳೆಯದು.

ಹೊಸಬರು ತುಂಬಾ ಎಡವುವ ಇನ್ನೊಂದು ಜಾಗ: ಹೆಚ್ಚು ಸಮಯ ಕೊಡುವುದು, ಪ್ರಶ್ನೆ ಓದಿ ಹೇಳುವುದು ಬೇರೆ, ಪಾಠವನ್ನೇ ಕಡಿತ ಮಾಡುವುದು ಬೇರೆ. ಲಿಪಿಕಾರರ, ಅಂದರೆ ಪರೀಕ್ಷೆಯಲ್ಲಿ ಮಗುವಿನ ಪರವಾಗಿ ಉತ್ತರ ಬರೆಯುವವರ ಅಗತ್ಯವಿರುವವರಿಗೆ ಗಂಟೆಗೆ ಕನಿಷ್ಠ 20 ನಿಮಿಷ ಹೆಚ್ಚುವರಿ ಸಮಯವನ್ನು ಕೇಂದ್ರದ ಮಾರ್ಗಸೂಚಿ ಹೇಳುತ್ತದೆ. ಅದರಿಂದ ಪಾಠ ಕಡಿಮೆಯಾಗುವುದಿಲ್ಲ. ಆದರೆ ಐದನೇ ಕ್ಲಾಸಿನಲ್ಲೇ ಗಣಿತದ ಅರ್ಧ ಕಡಿದರೆ ಎಸ್ಸೆಸ್ಸೆಲ್ಸಿ ಹೊತ್ತಿಗೆ ಮಗುವಿನ ದಾರಿ ಕಿರಿದಾಗುತ್ತದೆ. ಆ ನಿರ್ಧಾರವನ್ನು ಒಬ್ಬರೇ ಕೂತು ಬರೆಯಬಾರದು; ತಂದೆತಾಯಿ ಅರ್ಥ ಮಾಡಿಕೊಂಡು ಒಪ್ಪಬೇಕು.

ಈಗ ವೃತ್ತಿ. ಬರೀ ಯೋಜನೆ ಬರೆಯುವ ಹುದ್ದೆ ನಮ್ಮಲ್ಲಿ ಇಲ್ಲವೆಂದೇ ತಿಳಿಯಿರಿ. ಇರುವುದು ವಿಶೇಷ ಶಿಕ್ಷಕರ ಕೆಲಸ: ಬರೆಯುವುದು ಅದರ ಒಂದು ಭಾಗ, ಕಲಿಸುವುದು ಹೆಚ್ಚಿನ ಭಾಗ. ಅದು ಇಷ್ಟವಿದ್ದರೆ ದಾರಿ ಇದೆ. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆ 21 ಬಗೆಯ ಅಂಗವೈಕಲ್ಯಗಳನ್ನು ಗುರುತಿಸಿ, ಮಗುವಿಗೆ ತಕ್ಕ ವೈಯಕ್ತಿಕ ಬೆಂಬಲವನ್ನು ಶಾಲೆಯ ಕರ್ತವ್ಯ ಮಾಡಿದೆ. ಪ್ರಾಥಮಿಕ ಹಂತದಲ್ಲಿ ಇಂಥ 10 ಮಕ್ಕಳಿಗೆ, ಮೇಲಿನ ಹಂತದಲ್ಲಿ 15 ಮಕ್ಕಳಿಗೆ ಒಬ್ಬ ವಿಶೇಷ ಶಿಕ್ಷಕರು ಬೇಕೆಂದು ಸುಪ್ರೀಂ ಕೋರ್ಟ್ 2021ರಲ್ಲಿ ಹೇಳಿತು. ಸರ್ಕಾರಿ ವ್ಯವಸ್ಥೆಯಲ್ಲಿ ಬಿಆರ್‌ಸಿ, ಅಂದರೆ ಕ್ಷೇತ್ರ ಸಂಪನ್ಮೂಲ ಕೇಂದ್ರದ ಮಟ್ಟದಲ್ಲಿ ಬಿಐಇಆರ್‌ಟಿ, ಅಂದರೆ ವಿಶೇಷ ಅಗತ್ಯದ ಮಕ್ಕಳಿಗಾಗಿರುವ ಸಂಪನ್ಮೂಲ ಶಿಕ್ಷಕರ ಹುದ್ದೆಗಳಿವೆ, ಸಿಬಿಎಸ್‌ಇ ಶಾಲೆಗಳು ವಿಶೇಷ ಶಿಕ್ಷಕರನ್ನು ಇಟ್ಟುಕೊಳ್ಳಬೇಕು. ಖಾಸಗಿ ಶಾಲೆಯ ಸಂಬಳದ ಬಗ್ಗೆ ದೊಡ್ಡ ನಿರೀಕ್ಷೆ ಬೇಡ. ಎಷ್ಟು ಮಕ್ಕಳು, ಬರೆಯಲು ವಾರಕ್ಕೆ ಎಷ್ಟು ಖಾಲಿ ಪಿರಿಯಡ್ ಎಂಬುದನ್ನು ನೇಮಕ ಪತ್ರದಲ್ಲೇ ಬರೆಸಿಕೊಳ್ಳಿ.

ಅದಕ್ಕೆ ಬೇಕಾದದ್ದು ಆರ್‌ಸಿಐ ಮಾನ್ಯತೆಯ ಎರಡು ವರ್ಷದ ವಿಶೇಷ ಬಿ.ಎಡ್. ಆನ್‌ಲೈನ್‌ನ ಕೆಲವು ವಾರಗಳ ಶ್ಯಾಡೋ ಟೀಚರ್ (ತರಗತಿಯಲ್ಲಿ ಒಂದೇ ಮಗುವಿನ ಪಕ್ಕದಲ್ಲಿದ್ದು ನೆರವಾಗುವವರು) ಸರ್ಟಿಫಿಕೇಟಿನಿಂದ ನೋಂದಣಿ ಸಿಗುವುದಿಲ್ಲ, ಹಣ ಕಟ್ಟಬೇಡಿ. ನೀವು ಸೇರುವ ವರ್ಷಕ್ಕೆ ಆ ಕಾಲೇಜಿನ ಆ ವಿಭಾಗಕ್ಕೆ ಮಾನ್ಯತೆ ಇದೆಯೇ ಎಂದು ಪರಿಷತ್ತಿನ ಜಾಲತಾಣದಲ್ಲಿ ನೋಡಿ. ಶ್ರವಣ, ದೃಷ್ಟಿ, ಬೌದ್ಧಿಕ, ಕಲಿಕಾ ನ್ಯೂನತೆ ಎಂದು ವಿಭಾಗಗಳು ಬೇರೆ ಬೇರೆ. ನಿಮ್ಮ ಅನುಭವಕ್ಕೆ ಕಲಿಕಾ ನ್ಯೂನತೆ ಹತ್ತಿರ, ಆದರೆ ಆರಿಸುವ ಮೊದಲು ಶಕ್ತಿನಗರದ ಸಾನಿಧ್ಯ, ಉಡುಪಿಯ ಆಶಾನಿಲಯದಂಥ ವಿಶೇಷ ಶಾಲೆಗಳಲ್ಲಿ ಅನುಮತಿ ಕೇಳಿ ಒಂದೆರಡು ದಿನ ಕೂತು ನೋಡಿ. ಮಗುವಿನ ಚಡ್ಡಿ ಬದಲಿಸುವುದು, ಜೊಲ್ಲು ಒರೆಸುವುದು, ಒಂದೇ ಮಾತನ್ನು ಐವತ್ತು ಸಲ ಹೇಳುವುದು ಕೂಡ ಈ ಕೆಲಸವೇ. ಅದನ್ನು ನೋಡಿಯೂ ಮನಸ್ಸು ಹಿಂಜರಿಯದಿದ್ದರೆ ಅರ್ಜಿ ಹಾಕಿ.

ಈ ತಿಂಗಳೇ ರಾಜೀನಾಮೆ ಕೊಡಬೇಡಿ. ಪ್ರವೇಶ ಖಚಿತವಾಗುವ ತನಕ ಕೆಲಸ ಇರಲಿ. ಎರಡು ವರ್ಷದ ಶುಲ್ಕ, ಬಸ್ ಖರ್ಚು, ಕೈತಪ್ಪುವ ಸಂಬಳ ಮೂರನ್ನೂ ಒಂದು ಹಾಳೆಯಲ್ಲಿ ಬರೆದು ಗಂಡನ ಮುಂದಿಡಿ, ಫೋನಿನಲ್ಲಿ ಮಾತು ತೇಲಿಹೋಗದಿರಲಿ. ಅತ್ತೆಯವರಿಗೆ ಆ ಹುಡುಗನ ಗ್ರಾಫ್ ಹಾಳೆ ತೋರಿಸಿ. ಮಧ್ಯಾಹ್ನ ಮಗನನ್ನು ಶಾಲೆಯಿಂದ ಕರೆತರುವುದು ಯಾರು, ನಿಮಗೆ ಅಭ್ಯಾಸ ಬೋಧನೆ ಇರುವ ವಾರಗಳಲ್ಲಿ ಅಡುಗೆ ಹೇಗೆ ಎಂಬುದನ್ನು ಅವರ ಹತ್ತಿರವೇ ಕೇಳಿ. ‘ಈ ವಯಸ್ಸಿನಲ್ಲಿ ಓದುವುದಾ’ ಎಂಬ ಮಾತಿನ ಹಿಂದೆ ಹೆಚ್ಚಾಗಿ ಇರುವುದು ಆ ಮೊಮ್ಮಗನ ಚಿಂತೆಯೇ. ಅದಕ್ಕೆ ಉತ್ತರ ಸಿಕ್ಕ ಮೇಲೆ ಉಳಿದ ಮಾತು ಸುಲಭವಾಗುತ್ತದೆ.