ಕದ್ದು ಔಷಧ ಹಚ್ಚಬೇಡಿ

ಪ್ರಶ್ನೆ: ಇಂಗ್ಲೆಂಡಿನ ಲ್ಯಾಂಕಾಶೈರ್‌ನಲ್ಲಿದ್ದೇನೆ. ನೆರೆಮನೆಯ ಎಪ್ಪತ್ತು ದಾಟಿದ ಹೆಂಗಸೊಬ್ಬರ ಕುದುರೆಯ ಲಾಯವನ್ನು ವಾರಕ್ಕೆ ಮೂರು ದಿನ ಗುಡಿಸುತ್ತೇನೆ, ಬದಲಿಗೆ ಅದರ ಸವಾರಿ ಮಾಡುತ್ತೇನೆ. ಅದು ಕಾಬ್ ಎಂಬ ಗಟ್ಟಿಮುಟ್ಟಾದ ಬಗೆಯ ಕುದುರೆ, ಕಾಲಿನ ಬಿಳಿ ಕೂದಲು ಗೊರಸಿನವರೆಗೆ ಇಳಿಬಿದ್ದಿದೆ. ಈ ಚಳಿಗಾಲ ಹಿಂಗಾಲುಗಳಿಗೆ ಮಡ್ ಫೀವರ್ (ಕೆಸರು, ತೇವದಿಂದ ಕಾಲಿನ ಚರ್ಮಕ್ಕೆ ತಗಲುವ ಸೋಂಕು) ಆಗಿ ಹಕ್ಕಳೆ ಕಟ್ಟಿದೆ, ಮುಟ್ಟಿದರೆ ಕಾಲು ಎಳೆದುಕೊಳ್ಳುತ್ತದೆ. ಅವರು ದಿನವೂ ಪೈಪಿನ ನೀರಿನಿಂದ ಕೆಸರು ತೊಳೆದು ಒದ್ದೆ ಕಾಲಿಗೇ ಮುಲಾಮು ಬಳಿಯುತ್ತಾರೆ. ಕೇಳಿದರೆ, ‘ನಲವತ್ತು ವರ್ಷದಿಂದ ಹೀಗೇ ಮಾಡುತ್ತಿದ್ದೇನೆ’ ಎನ್ನುತ್ತಾರೆ. ನಾನು ಇಲ್ಲಿಗೆ ಬಂದ ಹೊಸದರಲ್ಲಿ ಮೊದಲು ಮಾತನಾಡಿಸಿದವರೇ ಅವರು. ಅವರಿಲ್ಲದಾಗ ನಾನೇ ಔಷಧ ಹಚ್ಚಿಬಿಡಲೇ? ‘ಊರ ಉಸಾಬರಿ ನಿನಗೇಕೆ’ ಎನ್ನುತ್ತಾರೆ ನನ್ನ ಯಜಮಾನರು.
– ಹೆಸರು ಬೇಡ

ಉತ್ತರ: ವಾರಕ್ಕೆ ಮೂರು ದಿನ ಲದ್ದಿ ಬಾಚುವವರಿಗೆ ಆ ಕುದುರೆಯ ಕಾಲು ಊರ ಉಸಾಬರಿ ಹೇಗಾದೀತು? ಅಲ್ಲಿನ 2006ರ ಪ್ರಾಣಿ ಕಲ್ಯಾಣ ಕಾಯ್ದೆ ತಾತ್ಕಾಲಿಕವಾಗಿ ಪ್ರಾಣಿಯ ಹೊಣೆ ಹೊತ್ತವರಿಗೂ ಅನ್ವಯಿಸುತ್ತದೆ ಎಂದು ನಿಮ್ಮ ಯಜಮಾನರಿಗೆ ತಿಳಿಸಿ.

ಆದರೆ ಕದ್ದು ಹಚ್ಚುವ ಯೋಚನೆ ಬಿಡಿ. 1966ರ ಪಶುವೈದ್ಯರ ಕಾಯ್ದೆ ಸಣ್ಣಪುಟ್ಟ ಚಿಕಿತ್ಸೆಗೆ ವಿನಾಯಿತಿ ಕೊಟ್ಟಿರುವುದು ಮಾಲೀಕರಿಗೆ, ಅವರ ಮನೆಯವರಿಗೆ ಮತ್ತು ನೌಕರರಿಗೆ. ಕಾನೂನು ಹಾಗಿರಲಿ, ಇದು ಗುಟ್ಟಾಗಿ ಉಳಿಯುವ ಕೆಲಸವೂ ಅಲ್ಲ. ಚರ್ಮಕ್ಕೆ ಗಾಳಿಯಾಡಬೇಕಾದರೆ ಸಾಮಾನ್ಯವಾಗಿ ಆ ಕೂದಲನ್ನು ಕತ್ತರಿಸಬೇಕಾಗುತ್ತದೆ. ಕಾಬ್ ಸಾಕುವವರಿಗೆ ಅದೇ ಹೆಮ್ಮೆ. ಮತ್ತೆ ಬೆಳೆಯಲು ತಿಂಗಳುಗಟ್ಟಲೆ ಬೇಕು. ಬೋಳುಗಾಲನ್ನು ಮರುದಿನ ಎಲ್ಲಿ ಬಚ್ಚಿಡುತ್ತೀರಿ?

ಇದು ಮಡ್ ಫೀವರ್ ಹೌದೋ ಅಲ್ಲವೋ ಎಂಬುದೂ ಖಚಿತವಾಗಬೇಕು. ಕಾಲಲ್ಲಿ ದಟ್ಟ ಕೂದಲಿರುವ ತಳಿಗಳಲ್ಲಿ ಕೋರಿಯೋಪ್ಟಿಸ್ ಎಂಬ ನುಸಿಯೂ ಇಂಥದೇ ಹಕ್ಕಳೆ ಕಟ್ಟಿಸುತ್ತದೆ, ಅದಕ್ಕೆ ಮದ್ದೇ ಬೇರೆ. ಕುದುರೆ ಕಾಲನ್ನು ನೆಲಕ್ಕೆ ಅಪ್ಪಳಿಸುತ್ತದೆಯೇ, ಹಲ್ಲಿನಿಂದ ಕಚ್ಚಿಕೊಳ್ಳುತ್ತದೆಯೇ ಎಂದು ಗಮನಿಸಿ ಪಶುವೈದ್ಯರಿಗೆ ಹೇಳಿ.

ಒದ್ದೆ ಕಾಲಿಗೆ ಮುಲಾಮು ಬಳಿಯುವ ಬಗ್ಗೆ ನಿಮ್ಮ ಸಂಶಯ ಸರಿಯೇ. ಸದಾ ಒದ್ದೆಯಾಗಿ ಮೆದುವಾದ ಚರ್ಮದಲ್ಲಿ ಮಡ್ ಫೀವರ್‌ನ ರೋಗಾಣು ಸುಲಭವಾಗಿ ನೆಲೆಯೂರುತ್ತದೆ. ತೇವದ ಮೇಲೆ ಮುಲಾಮು ಬಳಿದರೆ ತೇವವನ್ನು ಒಳಗೇ ಕೂಡಿಹಾಕಿದಂತೆ. ಆದರೆ ಇದನ್ನು ಅವರಿಗೆ ಪಾಠದಂತೆ ಒಪ್ಪಿಸಬೇಡಿ. ಎಪ್ಪತ್ತರ ಮೇಲೆ ಕುದುರೆಯ ಹಿಂಗಾಲಿನ ಬಳಿ ಬಗ್ಗಿ, ಗೊರಸಿನ ಮೇಲ್ಭಾಗದ ಮಡಿಕೆಯಲ್ಲಿ ಕೂದಲು ಬಿಡಿಸಿ ನೋಡುವುದು ಸುಲಭವೇ? ನೀವು ಹಟ ಎಂದುಕೊಂಡದ್ದು ಸೊಂಟನೋವೂ ಇರಬಹುದು. ಮೊಬೈಲಿನಲ್ಲಿ ಹತ್ತಿರದಿಂದ ಫೋಟೊ ತೆಗೆದು ತೋರಿಸಿ, ‘ಮುಟ್ಟಿದರೆ ಕಾಲು ಎಳೆದುಕೊಳ್ಳುತ್ತಿದೆ, ನನಗೆ ಹೆದರಿಕೆಯಾಗುತ್ತಿದೆ. ವೈದ್ಯರಿಗೆ ತೋರಿಸೋಣವೇ? ಅವರು ಹೇಳಿದ್ದನ್ನು ನಾನು ಜೊತೆಗಿದ್ದು ಮಾಡಿಸುತ್ತೇನೆ’ ಎನ್ನಿ. ನಲವತ್ತು ವರ್ಷಗಳ ಅನುಭವದ ಸುದ್ದಿಗೇ ಹೋಗಬೇಡಿ.

ವೈದ್ಯರು ಸಾಮಾನ್ಯವಾಗಿ ಹೇಳುವುದು ಇಷ್ಟು: ಕೂದಲು ಕತ್ತರಿಸಿ, ನೀರು ಬೆರೆಸಿದ ಕ್ಲೋರ್‌ಹೆಕ್ಸಿಡಿನ್ ಎಂಬ ಸೋಂಕುನಾಶಕದಿಂದ ತೊಳೆದು, ಸುಮಾರು 10 ನಿಮಿಷ ಬಿಟ್ಟು, ಶುದ್ಧ ನೀರು ಹಾಕಿ ಒಣ ಟವೆಲಿನಿಂದ ಒತ್ತಿ ಒರೆಸುವುದು. ಈ ಒರೆಸುವುದರಲ್ಲಿಯೇ ಬಹುಪಾಲು ಜನ ಅವಸರ ಮಾಡುವುದು. ಮೆತ್ತಗಾದ ಹಕ್ಕಳೆ ತಾನಾಗಿ ಬಿಟ್ಟರೆ ತೆಗೆಯಿರಿ, ಕೀಳಬೇಡಿ. ಕೈಗವಸು ಮರೆಯಬೇಡಿ, ಸೋಂಕು ಮನುಷ್ಯರಿಗೂ ಹತ್ತಬಹುದು.

ಅವರು ಊರಲ್ಲಿಲ್ಲದಾಗ ಯಾವ ವೈದ್ಯರನ್ನು ಕರೆಯಬೇಕು, ಬಿಲ್ಲು ಯಾರದು ಎಂಬುದನ್ನು ಈಗಲೇ ಕೇಳಿ ಬರೆಸಿಕೊಳ್ಳಿ. ಕಾಲು ಊದಿ ಬಿಸಿಯಾದರೆ, ಕುದುರೆ ಕುಂಟಿದರೆ ಅಥವಾ ಮೇವು ಬಿಟ್ಟರೆ ಅಂದೇ ವೈದ್ಯರು ಬರಬೇಕು. ಎಷ್ಟು ಹೇಳಿದರೂ ಅವರು ಒಪ್ಪದೆ ಕುದುರೆ ನರಳುತ್ತಿದ್ದರೆ ಕುದುರೆಗಳ ಕ್ಷೇಮ ನೋಡುವ ಬ್ರಿಟಿಷ್ ಹಾರ್ಸ್ ಸೊಸೈಟಿ ಎಂಬ ಸಂಸ್ಥೆಯವರ ಸಲಹೆ ಕೇಳಿ. ಅಲ್ಲಿಯವರೆಗೆ ಹೋಗಲಾರದು ಎಂದು ನನ್ನ ಅಂದಾಜು.

ಸವಾರಿಯನ್ನು ವೈದ್ಯರು ಸರಿ ಎನ್ನುವವರೆಗೆ ನಿಲ್ಲಿಸಿ. ಲಾಯ ಗುಡಿಸುವುದನ್ನು ಮಾತ್ರ ಬಿಡಬೇಡಿ, ಈಗ ಕುದುರೆಗೆ ಒಣ ಹಾಸು ಬೇಕೇ ಬೇಕು.