ಪ್ರತಿ: ಸಿಲಿಂಡರ್ ಎತ್ತಿ ಸೊಂಟ ಹಿಡಿದು 3 ವಾರ ಆಯ್ತು, ಆಪರೇಷನ್ ಮಾಡಿಸ್ಲೇಬೇಕಾ?

ನೋವು ಸೊಂಟದಿಂದ ಎಡಗಾಲಿಗಿಳಿದು ಹೆಬ್ಬೆರಳು ಜೋಮು ಹಿಡಿದಿದೆ ಅಂದ್ರೆ ಹೆಚ್ಚಾಗಿ ಎಲ್4-ಎಲ್5 ಡಿಸ್ಕ್ (ಸೊಂಟದ ಹತ್ರ ಬೆನ್ನುಮೂಳೆಗಳ ಮಧ್ಯ ಇರೋ ಮೆತ್ತೆ) ಜಾರಿ ನರ ಒತ್ತುತ್ತಿರುತ್ತೆ, ನನಗೂ ಹೀಗೇ ಆಗಿತ್ತು, ಆದ್ರೆ ಎಂಆರ್‌ಐ ನೋಡದೆ ಖಚಿತವಾಗಿ ಹೇಳಕ್ಕಾಗಲ್ಲ.

ಮೊದ್ಲು ಇದನ್ನ ನೋಡ್ಕೊಳ್ಳಿ. ಉಚ್ಚೆ ಕಟ್ಟೋದು ಇಲ್ಲಾ ಗೊತ್ತಾಗ್ದೆ ಹೋಗೋದು, ತೊಡೆಸಂದಿ ಹತ್ರ ಮುಟ್ಟಿದ್ರೆ ತಿಳೀದೇ ಇರೋದು, ಪಾದ ಮೇಲೆತ್ತಕ್ಕೆ ಆಗ್ದೇ ಇರೋದು, ಇದ್ರಲ್ಲಿ ಒಂದಿದ್ರೂ ಇವತ್ತೇ ಮುಂಬೈನ ಪರೇಲ್ ಕೆಇಎಂ ಅಥವಾ ಸಾಯನ್ ಆಸ್ಪತ್ರೆ ಕ್ಯಾಶುವಾಲ್ಟಿಗೆ ಹೋಗಿ, ಓಪಿಡಿ ದಿನಕ್ಕೆ ಕಾಯ್ಬೇಡಿ, ತಡ ಆದ್ರೆ ನರದ ಶಕ್ತಿ ವಾಪಸ್ ಬರದೇ ಹೋಗಬಹುದು.

ಅದ್ಯಾವುದೂ ಇಲ್ಲಾಂದ್ರೆ ಹೆದರಿ ಆಪರೇಷನ್‌ಗೆ ಒಪ್ಕೊಳ್ಳೋ ಮುಂಚೆ ಇನ್ನೊಬ್ಬ ಸ್ಪೈನ್ ಡಾಕ್ಟರಿಗೆ ತೋರಿಸಿ, ತುಂಬಾ ಜನಕ್ಕೆ 6ರಿಂದ 12 ವಾರದಲ್ಲಿ ಕಮ್ಮಿ ಆಗುತ್ತೆ. ಪೂರ್ತಿ ಮಲಗಿಬಿಡಬೇಡಿ, ಮನೆಯೊಳಗೇ ಹತ್ತತ್ತು ನಿಮಿಷ ನಡೀರಿ. ರಾತ್ರಿ ಮಗ್ಗುಲಾಗಿ, ಮೊಣಕಾಲ ಮಧ್ಯ ದಿಂಬಿಟ್ಟು ಮಲಗಿ, ನನಗೆ ನಿದ್ದೆ ಬಂದಿದ್ದೇ ಇದ್ರಿಂದ. ಡೈಕ್ಲೋಫೆನಾಕ್ ಥರದ ನೋವಿನ ಮಾತ್ರೆ ಊಟ ಆದ್ಮೇಲೇ, ಅದೂ ಬಿಪಿ, ಕಿಡ್ನಿ, ಹೊಟ್ಟೆಹುಣ್ಣು ಇದ್ರೆ ಡಾಕ್ಟರಿಗೆ ಹೇಳದೆ ಬೇಡ್ವೇ ಬೇಡ. ತೀವ್ರ ನೋವು ಕಮ್ಮಿ ಆದ್ಮೇಲೆ ಫಿಸಿಯೋ.

ಅಷ್ಟಕ್ಕೂ ಕಾಲುನೋವು ಬಗ್ಗಲಿಲ್ಲ ಅಂದ್ರೆ ಬೆನ್ನಿಗೆ ಸ್ಟೀರಾಯ್ಡ್ ಇಂಜೆಕ್ಷನ್ ಬಗ್ಗೆ ಕೇಳಿ, ಕೆಲವರಿಗೆ ಕೆಲವು ವಾರ ಆರಾಮ ಸಿಗುತ್ತೆ, ಎಲ್ರಿಗೂ ಅಲ್ಲ. ಆಮೇಲೇ ಮೈಕ್ರೋಡಿಸ್ಕೆಕ್ಟಮಿ, ಅಂದ್ರೆ ನರ ಒತ್ತೋ ಡಿಸ್ಕಿನ ಭಾಗ ತೆಗೆಯೋ ಆಪರೇಷನ್ ಮಾತು.

ಡೊಂಬಿವಲಿಯಿಂದ ಫಾಸ್ಟ್ ಲೋಕಲ್‌ನಲ್ಲಿ ನೂಕಿಸ್ಕೊಂಡು ಆಫೀಸಿಗೆ ಹೋಗೋದನ್ನ ಮಾತ್ರ ದಯವಿಟ್ಟು ಈಗ್ಲೇ ನಿಲ್ಸಿ, ಮೆಡಿಕಲ್ ಸರ್ಟಿಫಿಕೇಟ್ ಕೊಟ್ಟು ರಜಾ ಹಾಕಿ.