ಟೆಟ್ರಿಸ್‌ನಲ್ಲಿ ಟಿ-ಸ್ಪಿನ್ ಅಡ್ವಾನ್ಸ್ಡ್ ಟ್ರಿಕ್ಕಾ?

ಟಿ-ಸ್ಪಿನ್ ಡಬಲ್, ಅಂದರೆ ಟಿ ಆಕಾರದ ಕಾಯಿಯನ್ನು ಗೂಡಿನೊಳಗೆ ತಿರುಗಿಸಿ ಕೂರಿಸಿ ಒಟ್ಟಿಗೆ ಎರಡು ಸಾಲು ತೆಗೆಯೋದು, ಹಾಕೋದಕ್ಕೆ ಬಂದರೆ ಅಡ್ವಾನ್ಸ್ಡ್ ಅನ್ನಬಹುದಾ ಅಂತ ಕೇಳಿದ್ದೀರಿ. ನನ್ನ ಪ್ರಕಾರ ಬರೀ ಹಾಕೋದಕ್ಕೆ ಅಷ್ಟು ದೊಡ್ಡ ಹೆಸರು ಬೇಡ. ಟಿ ಕಾಯಿಯನ್ನು ಕೊನೆಗೆ ತಿರುಗಿಸಿಯೇ ಕೂರಿಸಬೇಕು, ಅದರ ನಡುವಿನ ಚೌಕದ ಸುತ್ತಲಿನ ನಾಲ್ಕು ಮೂಲೆಗಳಲ್ಲಿ ಮೂರು ತುಂಬಿರಬೇಕು, ಇಷ್ಟೇ. ಒಂದು ವಾರ ಕೂತರೆ ಬೆರಳಿಗೆ ಬರುತ್ತದೆ. ಕಷ್ಟ ಇರೋದು ಅದಕ್ಕೆ ಮೊದಲು: ಕಾಯಿಗಳು ಸುರಿಯುತ್ತಿರುವಾಗಲೇ ಮುಂದಿನ ಐದಾರು ಕಾಯಿ ನೋಡಿಕೊಂಡು, ರಾಶಿ ಕೆಡಿಸದೆ, ಟಿ ಕೂರುವ ಆ ಗೂಡು ಕಟ್ಟಿಕೊಳ್ಳೋದು. ಎದುರಾಳಿ ಜೊತೆ ಆಡುವಾಗ ಎರಡೇ ಸಾಲು ತೆಗೆದು ಅವರ ರಾಶಿಗೆ ನಾಲ್ಕು ಸಾಲು ಕಳಿಸುತ್ತೀರಲ್ವಾ, ಲಾಭ ಅಲ್ಲಿದೆ.

ಇನ್ನು ಟ್ರಿಪಲ್, ಅಂದರೆ ಅದೇ ಥರ ಮೂರು ಸಾಲು ತೆಗೆಯೋದು, ಬಂತು ಅಂದರೆ ಹೂಂ, ಒಪ್ಪುತ್ತೇನೆ. ಅಲ್ಲಿ ಕಾಯಿ ತಿರುಗುವ ಜಾಗವೇ ಇರಲ್ಲ, ಆಟವೇ ಅದನ್ನು ಕೆಳಕ್ಕೆ ತಳ್ಳಿ ಒಳಗೆ ಸೇರಿಸುತ್ತದೆ. ಮೊದಲ ಸಲ ನೋಡಿದಾಗ ನಾನು ಬಗ್ ಅಂದುಕೊಂಡಿದ್ದೆ!

ಆದರೆ 1989ರ ನಿಂಟೆಂಡೊ ಟೆಟ್ರಿಸ್‌ಗೆ ಈ ಲೆಕ್ಕ ನಡೆಯಲ್ಲ. ಅಲ್ಲಿ ಟಿ-ಸ್ಪಿನ್‌ಗೆ ಬೋನಸ್ಸೇ ಇಲ್ಲ. ಲೆವೆಲ್ 29ರಲ್ಲಿ ಬಟನ್ ಒತ್ತಿ ಹಿಡಿದರೆ ಕಾಯಿ ಪಕ್ಕಕ್ಕೆ ಮುಟ್ಟೋದರೊಳಗೆ ಕೆಳಗೆ ಬಿದ್ದಿರುತ್ತದೆ. ಅದಕ್ಕೇ ಅಲ್ಲಿ ರೋಲಿಂಗ್ ಅಂತ ಒಂದು ಉಪಾಯ: ಹೆಬ್ಬೆರಳನ್ನು ಬಟನ್ ಮೇಲೆ ಸುಮ್ನೆ ಇಟ್ಟು, ಕಂಟ್ರೋಲರ್‌ನ ಬೆನ್ನಿಗೆ ಇನ್ನೊಂದು ಕೈಯ ಬೆರಳುಗಳಿಂದ ತಬಲದ ಹಾಗೆ ಸಾಲಾಗಿ ತಟ್ಟೋದು. ನನಗಂತೂ ಇವತ್ತಿಗೂ ಬಂದಿಲ್ಲ.

ನೀವು ಯಾವ ವರ್ಷನ್ ಆಡ್ತಿದ್ದೀರಿ?